ಜನ ಚರ್ಚಿಗೆ ಯಾಕೆ ಹೋಗುತ್ತಾರೆ? ಬದ್ಧತೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಕ್ರಿಸ್‌ಮಸ್, ಈಸ್ಟರ್ ಬಂದರೆ ಚರ್ಚಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ಭಾನುವಾರಗಳಲ್ಲಿ ಅರ್ಧಕ್ಕರ್ಧ ಖಾಲಿ. ಬಂದವರಲ್ಲೂ ಎಷ್ಟೋ ಮಂದಿ ರೂಢಿಗೋ ಮನೆಯವರ ಒತ್ತಾಯಕ್ಕೋ ಬಂದಂತೆ ಕಾಣುತ್ತದೆ. ಜನ ನಿಜಕ್ಕೂ ಯಾಕೆ ಚರ್ಚಿಗೆ ಹೋಗುತ್ತಾರೆ? ಇಂದಿನ ಕ್ರೈಸ್ತರಲ್ಲಿ ಬದ್ಧತೆ ಕಡಿಮೆಯಾಗಿದೆಯೇ? ಮನೆಯಲ್ಲೇ ಪ್ರಾರ್ಥಿಸಿ, ಆನ್‌ಲೈನ್‌ನಲ್ಲಿ ಆರಾಧನೆ ನೋಡಿದರೆ ಸಾಲದೇ?

ಉತ್ತರ: ಮೊದಲು ಆ ಖಾಲಿ ಬೆಂಚುಗಳ ಲೆಕ್ಕ ನೋಡಿಬಿಡೋಣ. ಈ ವಿಷಯದಲ್ಲಿ ಹೆಚ್ಚಿನ ತಪ್ಪು ತೀರ್ಮಾನಗಳು ಹುಟ್ಟುವುದೇ ಅಲ್ಲಿ.

ಒಂದು ಸಭೆಯಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಸಮುದಾಯದಲ್ಲಿ, 200 ಜನ ಇದ್ದಾರೆ ಎಂದುಕೊಳ್ಳಿ. ಎಲ್ಲರೂ ಪ್ರತಿ ಭಾನುವಾರ ಬಂದರೆ ತಲೆಯೆಣಿಕೆ 200. ಅದೇ ಜನ ವಾರ ಬಿಟ್ಟು ವಾರ ಬಂದರೆ ಸರಾಸರಿ 100. ತಿಂಗಳಿಗೊಮ್ಮೆ ಬಂದರೆ 50. ಒಬ್ಬರೂ ಸಭೆ ಬಿಟ್ಟಿಲ್ಲ, ಒಬ್ಬರೂ ವಿಶ್ವಾಸ ತೊರೆದಿಲ್ಲ, ಆದರೂ ಬೆಂಚುಗಳು ಮುಕ್ಕಾಲು ಖಾಲಿ. ಕ್ರಿಸ್‌ಮಸ್ ದಿನ ಆ 200 ಮಂದಿಯೂ ಒಟ್ಟಿಗೆ ಬರುತ್ತಾರೆ, ಜೊತೆಗೆ ನೆಂಟರಿಷ್ಟರೂ ಬರುತ್ತಾರೆ. ನೋಡುವವರಿಗೆ ಇದು ವರ್ಷಕ್ಕೊಮ್ಮೆ ಉಕ್ಕುವ ಭಕ್ತಿಯಂತೆ ಕಾಣುತ್ತದೆ. ಚರ್ಚ್ ಆಫ್ ಇಂಗ್ಲೆಂಡ್ ಇದೇ ಕಾರಣಕ್ಕೆ ಎರಡು ಲೆಕ್ಕ ಇಡುತ್ತದೆ. ಅಕ್ಟೋಬರ್‌ನ ನಾಲ್ಕು ವಾರಗಳ ಸರಾಸರಿ ಹಾಜರಿ ಒಂದು, ತಿಂಗಳಿಗೊಮ್ಮೆಯಾದರೂ ಬರುವವರ ಒಟ್ಟು ಸಂಖ್ಯೆ ಇನ್ನೊಂದು. 2023ರಲ್ಲಿ ಮೊದಲನೆಯದು 7 ಲಕ್ಷದ ಆಸುಪಾಸು, ಎರಡನೆಯದು 10 ಲಕ್ಷಕ್ಕೆ ಹತ್ತಿರ. ಒಂದೇ ಸಂಸ್ಥೆ, ಒಂದೇ ವರ್ಷ, ಆದರೂ ಸುಮಾರು 3 ಲಕ್ಷದ ಅಂತರ. ಎರಡೂ ಸುಳ್ಳಲ್ಲ, ಅವು ಉತ್ತರಿಸುತ್ತಿರುವ ಪ್ರಶ್ನೆಗಳೇ ಬೇರೆ.

ಇನ್ನು ಕಾರಣಗಳ ವಿಷಯ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತಿಂಗಳಿಗೆ ಒಮ್ಮೆಯಾದರೂ ಆರಾಧನೆಗೆ ಹೋಗುವವರನ್ನು ಮುಖ್ಯ ಕಾರಣಗಳೇನು ಎಂದು ಕೇಳಲಾಗಿತ್ತು. ದೇವರಿಗೆ ಹತ್ತಿರವಾಗಲು ಎಂದವರು ಶೇ 81. ಮಕ್ಕಳಿಗೆ ನೈತಿಕ ತಳಹದಿ ಸಿಗಲಿ ಎಂದವರು ಶೇ 69, ತಾನು ಒಳ್ಳೆಯ ಮನುಷ್ಯನಾಗಲು ಎಂದವರು ಶೇ 68, ಕಷ್ಟ ದುಃಖಗಳಲ್ಲಿ ಸಮಾಧಾನಕ್ಕೆ ಎಂದವರು ಶೇ 66. ಹೋಗಲೇಬೇಕಾದ ಕರ್ತವ್ಯ ಎಂದವರು ಶೇ 31, ಮನೆಯವರ ಸಂತೋಷಕ್ಕೆ ಎಂದವರು ಶೇ 16 ಮಾತ್ರ. ‘ಎಷ್ಟೋ ಮಂದಿ ಒತ್ತಾಯಕ್ಕೆ ಬರುತ್ತಾರೆ’ ಎಂಬ ನಿಮ್ಮ ಅನಿಸಿಕೆಗೆ ಈ ಅಂಕಿಗಳಲ್ಲಿ ಹೆಚ್ಚು ಆಧಾರವಿಲ್ಲ.

ಆದರೆ ಕಾರಣ ಕೇಳಿದಾಗ ಜನ ಹೇಳುವುದು, ತಾವು ಬರುವುದನ್ನು ಹೇಗೆ ಅರ್ಥ ಮಾಡಿಕೊಂಡಿದ್ದೇವೆ ಎಂಬುದನ್ನು. ಮೊದಲು ಬಂದದ್ದು ಹೇಗೆ, ಇಷ್ಟು ವರ್ಷ ಉಳಿದದ್ದು ಹೇಗೆ ಎಂಬುದು ಬೇರೆ ಕಥೆ. ಹೊಸಬರನ್ನು ಚರ್ಚಿಗೆ ಕರೆತರುವುದು ಬಹುಮಟ್ಟಿಗೆ ಪರಿಚಯಸ್ಥರು: ಗಂಡ ಅಥವಾ ಹೆಂಡತಿ, ಸಹೋದ್ಯೋಗಿ, ಪಕ್ಕದ ಮನೆಯವರು. ಉಳಿಸಿಕೊಳ್ಳುವುದೂ ಸಂಬಂಧಗಳೇ. ಸಂಶೋಧಕರಾದ ಚೇಯೂನ್ ಲಿಮ್ ಮತ್ತು ರಾಬರ್ಟ್ ಪುಟ್ನಮ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ತೆರೆಸುವಂಥದ್ದು. ಆರಾಧನೆಗೆ ಹೋಗುವವರಲ್ಲಿ ಬದುಕಿನ ಬಗೆಗಿನ ತೃಪ್ತಿ ಹೆಚ್ಚು ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಆ ತೃಪ್ತಿ ಕಾಣಿಸುವುದು ಅದೇ ಸಭೆಯಲ್ಲಿ ಆಪ್ತ ಗೆಳೆಯರಿರುವವರಲ್ಲಿ ಎಂದು ಅವರು ತೋರಿಸಿದರು. ಪ್ರತಿ ವಾರ ಬಂದು, ಯಾರ ಜೊತೆಗೂ ಬೆರೆಯದೆ ಹೋಗುವವರಿಗೆ ಆ ಲಾಭ ಕಾಣಲಿಲ್ಲ.

ಆರೋಗ್ಯದ ಬಗ್ಗೆಯೂ ಹೀಗೇ ಒಂದು ಫಲಿತಾಂಶವಿದೆ. ಹಾರ್ವರ್ಡ್‌ನ ಟೈಲರ್ ವಾಂಡರ್‌ವೀಲ್ ಮತ್ತು ಸಂಗಡಿಗರು 74 ಸಾವಿರಕ್ಕೂ ಹೆಚ್ಚು ನರ್ಸ್‌ಗಳ 16 ವರ್ಷಗಳ ಮಾಹಿತಿಯನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದರು. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಆರಾಧನೆಗೆ ಹೋಗುತ್ತಿದ್ದವರಲ್ಲಿ ಸಾವಿನ ಪ್ರಮಾಣ, ಎಂದೂ ಹೋಗದವರಿಗಿಂತ ಶೇ 33 ಕಡಿಮೆ ಇತ್ತು. ಕಾಯಿಲೆ ಬಿದ್ದವರು ಚರ್ಚಿಗೆ ಹೋಗಲಾರರು, ಹಾಗಾಗಿ ಲೆಕ್ಕ ಮೊದಲೇ ವಾಲಿರುತ್ತದೆ ಎಂಬ ಆಕ್ಷೇಪವನ್ನೂ ಅವರು ಗಮನಕ್ಕೆ ತೆಗೆದುಕೊಂಡಿದ್ದರು. ಹಾಗಿದ್ದರೂ ಇದನ್ನು ಔಷಧದ ಚೀಟಿಯಂತೆ ಯಾರಿಗೂ ಕೊಡಬಾರದು. ಆಯಸ್ಸಿಗಾಗಿ ಬಂದು ಕೂರುವವರಿಗೆ ಅಲ್ಲಿನ ಯಾವುದೂ ತಾಗುವುದಿಲ್ಲ ಎಂಬುದು ನನ್ನ ಅನಿಸಿಕೆ.

ದೇವರು ಮತ್ತು ಪಕ್ಕದವರು, ಈ ಎರಡು ಸೆಳೆತಗಳೂ ಆರಂಭದಿಂದ ಒಟ್ಟಿಗೇ ಇವೆ. ಸುಮಾರು ಕ್ರಿ.ಶ. 112ರಲ್ಲಿ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರೇಜನ್‌ಗೆ ಬರೆದ ಪತ್ರದಲ್ಲಿ ಕ್ರೈಸ್ತರ ವಿಚಾರ ಬರುತ್ತದೆ. ಅವರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮೊದಲೇ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕಳ್ಳತನ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತು ಮುರಿಯುವುದಿಲ್ಲ ಎಂದು ಆಣೆ ಮಾಡುತ್ತಾರೆ. ಸುಮಾರು 155ರಲ್ಲಿ ಕ್ರೈಸ್ತ ಲೇಖಕ ಜಸ್ಟಿನ್ ಬರೆದ ವಿವರಣೆ ಇನ್ನೂ ಸ್ಪಷ್ಟ: ಭಾನುವಾರ ಪವಿತ್ರಗ್ರಂಥಗಳ ವಾಚನ, ಬೋಧನೆ, ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ, ಅನಾಥರಿಗೂ ವಿಧವೆಯರಿಗೂ ಕಾಣಿಕೆ ಸಂಗ್ರಹ. ಬರಲಾಗದವರಿಗೆ ಅವರ ಪಾಲನ್ನು ಸೇವಕರು ಒಯ್ದು ಮುಟ್ಟಿಸುತ್ತಿದ್ದರು. ಇಂದಿನ ಬಲಿಪೂಜೆಯ (ಕಥೋಲಿಕರ ಮುಖ್ಯ ಆರಾಧನೆ) ಅಥವಾ ಭಾನುವಾರದ ಆರಾಧನೆಯ ಚೌಕಟ್ಟು ಬಹುಮಟ್ಟಿಗೆ ಇದೇ.

‘ಹಿಂದಿನವರು ಭಕ್ತರು, ಇಂದಿನವರು ಸಡಿಲ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಥೋಲಿಕ ಧರ್ಮಸಭೆಯ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ, ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕು, ಈಸ್ಟರ್ ಕಾಲದಲ್ಲಾದರೂ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿ, ದ್ರಾಕ್ಷಾರಸ) ಸ್ವೀಕರಿಸಬೇಕು ಎಂದು ಕಟ್ಟಳೆ ಮಾಡಿತು. ಎಲ್ಲರೂ ತಾವಾಗಿಯೇ ಮುಂದೆ ಬರುತ್ತಿದ್ದರೆ ‘ಒಮ್ಮೆಯಾದರೂ’ ಎಂದು ಹೇಳುವ ಅಗತ್ಯವಿರಲಿಲ್ಲ. 1851ರ ಮಾರ್ಚ್ 30ರ ಭಾನುವಾರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಆರಾಧನಾ ಸ್ಥಳಗಳಲ್ಲಿ ಎಣಿಕೆ ನಡೆಯಿತು. ಬರಲು ಸಾಧ್ಯವಿದ್ದೂ ಬಾರದವರು 50 ಲಕ್ಷಕ್ಕೂ ಹೆಚ್ಚು ಎಂಬ ಅಂದಾಜು ಹೊರಬಿದ್ದಾಗ ದೊಡ್ಡ ಗದ್ದಲವೇ ಎದ್ದಿತು. ವಿಕ್ಟೋರಿಯಾ ರಾಣಿಯ ಕಾಲವನ್ನೇ ಈಗ ನಾವು ಭಕ್ತಿಯ ಕಾಲ ಎಂದು ನೆನೆಯುತ್ತೇವೆ. ಆ ಎಣಿಕೆಯ ತೊಡಕನ್ನೂ ಗಮನಿಸಿ: ಎಣಿಸಿದ್ದು ವ್ಯಕ್ತಿಗಳನ್ನಲ್ಲ, ಹಾಜರಿಗಳನ್ನು. ಬೆಳಿಗ್ಗೆ ಬಂದು ಸಂಜೆ ಮತ್ತೆ ಬಂದವರು ಎರಡು ಸಲ ಲೆಕ್ಕಕ್ಕೆ ಸೇರಿದ್ದರು. ಅದನ್ನು ವ್ಯಕ್ತಿಗಳ ಸಂಖ್ಯೆಗೆ ಇಳಿಸಲು ಮಾಡಿದ ಅಂದಾಜಿನ ಬಗ್ಗೆ ಚರ್ಚೆ ಇನ್ನೂ ನಿಂತಿಲ್ಲ.

ಹಾಗಾದರೆ ಇಳಿಕೆ ಸುಳ್ಳೇ? ಅಲ್ಲ. ಸಮೀಕ್ಷಾ ಸಂಸ್ಥೆ ಗ್ಯಾಲಪ್‌ನ ಲೆಕ್ಕದಂತೆ ಅಮೆರಿಕದಲ್ಲಿ ಚರ್ಚು ಅಥವಾ ಬೇರೆ ಯಾವುದಾದರೂ ಆರಾಧನಾ ಸ್ಥಳದ ಸದಸ್ಯರಾಗಿದ್ದವರು 1937ರಲ್ಲಿ ಶೇ 73, 1999ರಲ್ಲಿ ಶೇ 70, 2020ರಲ್ಲಿ ಶೇ 47. ತಾನು ಕ್ರೈಸ್ತ ಎಂದು ಹೇಳಿಕೊಳ್ಳುವವರು ಪ್ಯೂ ಲೆಕ್ಕದಲ್ಲಿ 2007ರ ಶೇ 78ರಿಂದ 2023–24ರ ಹೊತ್ತಿಗೆ ಶೇ 62ಕ್ಕೆ ಬಂದಿದ್ದಾರೆ. ಈ ಕುಸಿತ 2019ರ ನಂತರ ಬಹುಮಟ್ಟಿಗೆ ನಿಂತಿದೆ ಎಂಬುದೂ ಅದೇ ವರದಿಯ ಮಾತು. ಜರ್ಮನಿಯಲ್ಲಿ ಸದಸ್ಯತ್ವಕ್ಕೆ ಬೆಲೆಯೇ ಇದೆ: ಆದಾಯ ತೆರಿಗೆಯ ಶೇ 8 ಅಥವಾ 9 ಚರ್ಚು ತೆರಿಗೆಯಾಗಿ ಸೇರುತ್ತದೆ. ಬಿಡಬೇಕೆಂದರೆ ಅದನ್ನು ಅಧಿಕೃತವಾಗಿ ಘೋಷಿಸಿ ದಾಖಲಿಸಬೇಕು. 2022 ಒಂದೇ ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಕಥೋಲಿಕರು ಹಾಗೆ ಹೊರಬಂದರು. ಯಾಜಕರ ಲೈಂಗಿಕ ದೌರ್ಜನ್ಯ ಪ್ರಕರಣಗಳನ್ನು ಮುಚ್ಚಿಟ್ಟದ್ದು ಇದಕ್ಕೊಂದು ದೊಡ್ಡ ಕಾರಣ. ಹೀಗೆ ಹೊರಟವರನ್ನೆಲ್ಲ ‘ಬದ್ಧತೆಯಿಲ್ಲದವರು’ ಎಂದುಬಿಡುವುದು ಅನ್ಯಾಯ. ವಿಶ್ವಾಸವನ್ನು ಗಂಭೀರವಾಗಿ ತೆಗೆದುಕೊಂಡದ್ದಕ್ಕೇ ಬಿಟ್ಟವರೂ ಅವರಲ್ಲಿದ್ದಾರೆ.

ಅತ್ತ ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಚಿತ್ರ ಪೂರ್ತಿ ಬೇರೆ. ವಾರದ ಹಾಜರಿ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಹಲವು ಅಲ್ಲಿವೆ. 2020ರ ಹೊತ್ತಿಗೆ ಯುರೋಪಿಗಿಂತ ಹೆಚ್ಚು ಕ್ರೈಸ್ತರು ಇರುವುದೂ ಅಲ್ಲೇ. ‘ಇಂದಿನ ಕ್ರೈಸ್ತರು’ ಎಂದಾಗ ಯುರೋಪಿನ ಖಾಲಿ ಚರ್ಚಷ್ಟೇ ಕಣ್ಣಮುಂದೆ ಬಂದರೆ ಕಾಣುವುದು ಚಿತ್ರದ ಒಂದು ಅಂಚು ಮಾತ್ರ.

ಇಳಿಕೆ ಇರುವಲ್ಲಿ ಅದು ಆಗುತ್ತಿರುವ ಬಗೆಯನ್ನು ತಿಳಿದುಕೊಳ್ಳಬೇಕು, ಪರಿಹಾರದ ಸುಳಿವು ಅಲ್ಲೇ ಇದೆ. ನಲವತ್ತೈವತ್ತು ವಯಸ್ಸಿನವರು ಸಾಮೂಹಿಕವಾಗಿ ವಿಶ್ವಾಸ ಬಿಡುತ್ತಿದ್ದಾರೆ ಎಂದು ಹಲವರು ಭಾವಿಸುತ್ತಾರೆ. ಸಮಾಜಶಾಸ್ತ್ರಜ್ಞರಾದ ಡೇವಿಡ್ ವೋಸ್ ಮತ್ತು ಮಾರ್ಕ್ ಚೇವ್ಸ್ ಅವರ ವಿಶ್ಲೇಷಣೆ ತೋರಿಸುವುದು ಬೇರೆ. ದೊಡ್ಡವರ ರೂಢಿ ವಯಸ್ಸಿನೊಂದಿಗೆ ಅಷ್ಟೊಂದು ಬದಲಾಗುವುದಿಲ್ಲ. ಪ್ರತಿ ಹೊಸ ತಲೆಮಾರು ಹಿಂದಿನದಕ್ಕಿಂತ ತುಸು ಕೆಳಗಿನ ಮೆಟ್ಟಿಲಿನಿಂದ ಶುರು ಮಾಡುತ್ತದೆ. ಅಂದರೆ ಸೋರಿಕೆ ಇರುವುದು ತಂದೆತಾಯಿಯಿಂದ ಮಕ್ಕಳಿಗೆ ದಾಟುವ ಜಾಗದಲ್ಲಿ. ಮಕ್ಕಳು ನಂಬುವುದು ಮಾತನ್ನಲ್ಲ, ಬೆಲೆ ತೆತ್ತು ಮಾಡಿದ ಕೆಲಸವನ್ನು; ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2009ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಇದು. ‘ದೇವರೇ ಮುಖ್ಯ’ ಎಂದು ಹೇಳುವ ತಂದೆ ಪರೀಕ್ಷೆ ಹತ್ತಿರ ಬಂದ ಕೂಡಲೇ ಮಗನ ಭಾನುವಾರವನ್ನು ಟ್ಯೂಷನ್‌ಗೆ ಕೊಟ್ಟರೆ, ಮಗ ಕಲಿಯುವುದು ಎರಡನೆಯ ಪಾಠ. ಪ್ರತಿ ವರ್ಷವೂ ಹೀಗೇ ನಡೆದ ಮೇಲೆ, ಹದಿನೆಂಟಕ್ಕೆ ಅವನು ಚರ್ಚು ಬಿಟ್ಟನೆಂದು ಅಚ್ಚರಿಪಡಲು ಏನೂ ಉಳಿದಿರುವುದಿಲ್ಲ.

ಸಮೀಕ್ಷೆಗಳನ್ನು ಓದುವಾಗ ಒಂದು ಎಚ್ಚರ ಬೇಕು. ‘ನೀವು ಎಷ್ಟು ಸಲ ಚರ್ಚಿಗೆ ಹೋಗುತ್ತೀರಿ?’ ಎಂದು ಕೇಳಿದರೆ ಜನ ತಾವು ಎಂಥವರು ಎಂಬುದನ್ನು ಹೇಳುತ್ತಾರೆ, ಏನು ಮಾಡಿದರು ಎಂಬುದನ್ನಲ್ಲ. ಅಮೆರಿಕದಲ್ಲಿ ವಾರವಾರ ಹೋಗುವವರು ಶೇ 40ರಷ್ಟು ಎಂದು ದಶಕಗಳ ಕಾಲ ನಂಬಲಾಗಿತ್ತು. ಸಂಶೋಧಕರಾದ ಹ್ಯಾಡವೇ, ಮಾರ್ಲರ್ ಮತ್ತು ಚೇವ್ಸ್ 1993ರಲ್ಲಿ ತಲೆಯೆಣಿಕೆಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ನಿಜ ಹಾಜರಿ ಅದರ ಅರ್ಧದಷ್ಟು ಎಂದು ಕಂಡಿತು. ಇದನ್ನು ಸುಳ್ಳುಗಾರಿಕೆ ಎನ್ನಬೇಕಿಲ್ಲ. ತಾನು ಚರ್ಚಿಗೆ ಸೇರಿದವನು ಎಂಬ ಭಾವನೆಯೇ ನೆನಪನ್ನು ತಿದ್ದುತ್ತದೆ. ಹಾಗಾಗಿ ‘ಕಳೆದ ಭಾನುವಾರ ಬೆಳಿಗ್ಗೆ ಎದ್ದಲ್ಲಿಂದ ಮಧ್ಯಾಹ್ನದವರೆಗೆ ಏನೇನು ಮಾಡಿದಿರಿ?’ ಎಂದು ಕೇಳಬೇಕು. ಚರ್ಚಿನ ಹೆಸರೆತ್ತದೆ ಕೇಳಿದರೆ ಉತ್ತರ ನಿಜಕ್ಕೆ ಹತ್ತಿರ ಬರುತ್ತದೆ.

ನಿಮ್ಮ ಸಭೆಯ ಸ್ಥಿತಿ ತಿಳಿಯಬೇಕೇ? ಹಬ್ಬವಿಲ್ಲದ, ರಜೆಯಿಲ್ಲದ ನಾಲ್ಕು ಸತತ ಭಾನುವಾರಗಳನ್ನು ಆರಿಸಿ. ಒಂದೇ ಭಾನುವಾರ ಸಾಲದು, ಒಂದು ಮದುವೆಯೋ ಒಂದು ದೊಡ್ಡ ಮಳೆಯೋ ಲೆಕ್ಕ ಕೆಡಿಸುತ್ತದೆ. ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ. ಹೊತ್ತು ಮುಖ್ಯ. ಆರಂಭದ ಹಾಡಿಗೇ ಎಣಿಸಿದರೆ ತಡವಾಗಿ ಬರುವವರು ಬಿಟ್ಟುಹೋಗುತ್ತಾರೆ, ಕೊನೆಯಲ್ಲಿ ಎಣಿಸಿದರೆ ಪರಮಪ್ರಸಾದ ಆದ ಕೂಡಲೇ ಹೊರಡುವವರು ಬಿಟ್ಟುಹೋಗುತ್ತಾರೆ. ಪ್ರಸಂಗ (ಬೋಧನೆ) ಶುರುವಾಗಿ ಐದು ನಿಮಿಷ ಕಳೆದ ಮೇಲಿನದು ಸರಿಯಾದ ಹೊತ್ತು. ಹಾಡುವ ತಂಡ, ಪೀಠಸೇವಕರು, ಸಂಡೇ ಸ್ಕೂಲ್ ಕೋಣೆಯಲ್ಲಿರುವ ಮಕ್ಕಳು ಮತ್ತು ಶಿಕ್ಷಕರು, ಹೊರಗೆ ಕೂಸನ್ನು ಎತ್ತಿಕೊಂಡು ಓಡಾಡುವ ತಾಯಂದಿರು, ಇವರೆಲ್ಲ ಸುಲಭವಾಗಿ ಮರೆತುಹೋಗುವವರು. ದೊಡ್ಡವರನ್ನೂ ಮಕ್ಕಳನ್ನೂ ಬೇರೆ ಬರೆದುಕೊಳ್ಳಿ. ‘ಒಂದು ಬೆಂಚಿಗೆ ಆರು ಜನ’ ಎಂದು ಗುಣಾಕಾರ ಮಾಡಬೇಡಿ, ಬೆಂಚು ತುಂಬಿದಂತೆ ಕಂಡರೂ ನಾಲ್ಕೇ ಜನ ಇರುತ್ತಾರೆ.

ಇಷ್ಟಾದರೆ ಹಾಜರಿ ಸಿಕ್ಕಿತು. ಮುಂದಿನ ಹೆಜ್ಜೆಗೆ ಹೆಸರುಗಳು ಬೇಕು, ಇದನ್ನು ಬಹಳ ಸಭೆಗಳು ಮಾಡುವುದೇ ಇಲ್ಲ. ಮೂರು ತಿಂಗಳು, ಅಂದರೆ 13 ಭಾನುವಾರ, ಯಾರು ಬಂದರು ಎಂದು ಜನರನ್ನು ಬಲ್ಲ ಇಬ್ಬರು ಮೂವರು ಆರಾಧನೆ ಮುಗಿದ ಮೇಲೆ ಪಟ್ಟಿಯಲ್ಲಿ ಗುರುತು ಹಾಕಲಿ. ಬಾಗಿಲಲ್ಲಿ ಸಹಿ ಮಾಡಿಸುವುದು ಬೇಡ, ಅದು ಶಾಲೆಯ ಹಾಜರಿಯಂತೆ ಅವಮಾನ ಎನಿಸುತ್ತದೆ. ಕೊನೆಗೆ 10 ಅಥವಾ ಹೆಚ್ಚು ಸಲ ಬಂದವರು, 5ರಿಂದ 9 ಸಲ, 2ರಿಂದ 4 ಸಲ, ಒಂದೇ ಸಲ ಎಂದು ವಿಂಗಡಿಸಿ. ಆರು ತಿಂಗಳ ನಂತರ ಮತ್ತೆ ಮಾಡಿ. ಮೊದಲ ಗುಂಪಿನಿಂದ ಎರಡನೆಯದಕ್ಕೆ ಜಾರಿದವರ ಹೆಸರುಗಳೇ ಈ ಕೆಲಸದ ನಿಜವಾದ ಫಲ. ಚರ್ಚು ಬಿಡುವವರು ಸಾಮಾನ್ಯವಾಗಿ ಬಾಗಿಲು ಬಡಿದು ಹೋಗುವುದಿಲ್ಲ. ವಾರಕ್ಕೊಮ್ಮೆ ಬರುವವರು ಎರಡು ವಾರಕ್ಕೊಮ್ಮೆ ಬರುತ್ತಾರೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಕ್ರಿಸ್‌ಮಸ್‌ಗೆ. ಕಾರಣ ಅನೇಕ ಸಲ ಸಣ್ಣದಿರುತ್ತದೆ: ಪಾಳಿ ಬದಲಾದ ಕೆಲಸ, ಹಾಸಿಗೆ ಹಿಡಿದ ಅತ್ತೆ, ಸಭೆಯ ಲೆಕ್ಕಪತ್ರದ ಬಗ್ಗೆ ನಡೆದ ಒಂದು ಕಟು ಮಾತು. ಮೂರು ವಾರ ಕಾಣದವರಿಗೆ ಒಂದು ಫೋನ್ ಹೋಗಬೇಕು. ‘ಯಾಕೆ ಬರಲಿಲ್ಲ?’ ಎಂದು ಕೇಳಿದರೆ ಮಾತು ಅಲ್ಲಿಗೇ ಮುಗಿಯಿತು. ‘ಹೇಗಿದ್ದೀರಿ? ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ?’ ಎಂದರೆ ಉಳಿದದ್ದು ತಾನಾಗಿ ಹೊರಬರುತ್ತದೆ. ಆರು ತಿಂಗಳು ಕಳೆದ ಮೇಲೆ ಅದೇ ಫೋನ್ ಮಾಡಿದರೆ ಕೆಲಸಕ್ಕೆ ಬರುವುದಿಲ್ಲ, ಅಷ್ಟರಲ್ಲಿ ‘ನಾನು ಇಲ್ಲದಿದ್ದರೂ ಯಾರಿಗೂ ಗೊತ್ತಾಗಲಿಲ್ಲ’ ಎಂಬುದು ಅವರ ಮನಸ್ಸಿನಲ್ಲಿ ಗಟ್ಟಿಯಾಗಿರುತ್ತದೆ.

ಹಾಜರಿಯೇ ಬದ್ಧತೆಯಲ್ಲ ಎಂಬ ನಿಮ್ಮ ಅನುಮಾನ ಸರಿಯೇ. ಧರ್ಮಸಂಶೋಧಕ ಸ್ಟೀಫನ್ ಹೂಬರ್ ರೂಪಿಸಿದ ಅಳತೆಗೋಲು ಐದು ಕಡೆಯಿಂದ ನೋಡುತ್ತದೆ: ವಿಶ್ವಾಸದ ಬಗ್ಗೆ ಎಷ್ಟು ಯೋಚಿಸುತ್ತೀರಿ, ದೇವರಿದ್ದಾನೆ ಎಂದು ಎಷ್ಟು ನಂಬುತ್ತೀರಿ, ಆರಾಧನೆಗೆ ಎಷ್ಟು ಸಲ ಹೋಗುತ್ತೀರಿ, ಒಬ್ಬರೇ ಇದ್ದಾಗ ಎಷ್ಟು ಪ್ರಾರ್ಥಿಸುತ್ತೀರಿ, ದೇವರು ನಿಮ್ಮ ಬದುಕಿನಲ್ಲಿ ಕೈಯಾಡಿಸಿದಂತೆ ಎಷ್ಟು ಸಲ ಅನಿಸಿದೆ. ಒಂದರಲ್ಲಿ ಮೇಲಿದ್ದವರು ಇನ್ನೊಂದರಲ್ಲಿ ಕೆಳಗಿರುವುದು ಸಾಮಾನ್ಯ. ಭಾನುವಾರ ತಪ್ಪಿಸದವರು ಮನೆಯಲ್ಲಿ ಪ್ರಾರ್ಥಿಸದೇ ಇರಬಹುದು. ದಿನವೂ ಬೈಬಲ್ ಓದುವವರು ಚರ್ಚಿನ ಮೆಟ್ಟಿಲು ಹತ್ತದೇ ಇರಬಹುದು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಗ್ರೇಸ್ ಡೇವಿ, ನಂಬಿಕೆ ಉಳಿಸಿಕೊಂಡು ಸಂಸ್ಥೆಯಿಂದ ದೂರವಿರುವ ಈ ಬಗೆಯನ್ನು 1990ರ ದಶಕದಲ್ಲೇ ಗುರುತಿಸಿದ್ದರು. ಇಂಥ ಪ್ರಶ್ನೆಗಳನ್ನು ಕೇಳುವುದಾದರೆ ಹೆಸರಿಲ್ಲದ ಚೀಟಿಯಲ್ಲಿ ಕೇಳಿ. ಪಾದ್ರಿಯವರೋ ಪಾಸ್ಟರೋ ಎದುರಿಗೆ ನಿಂತು ಕೇಳಿದರೆ ಎಲ್ಲರೂ ಸಂತರೇ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ನಂಬಲರ್ಹವಾದ ಗುರುತು, ಜನ ಏನನ್ನು ಹೊತ್ತುಕೊಂಡಿದ್ದಾರೆ ಎಂಬುದು. ವಾರದ ಎಷ್ಟು ಗಂಟೆ, ಆದಾಯದ ಎಷ್ಟು ಭಾಗ, ಯಾವ ಜವಾಬ್ದಾರಿ. ಹತ್ತು ಜನ ಎಲ್ಲ ಕೆಲಸ ಮಾಡಿ ಉಳಿದ 190 ಮಂದಿ ಕೂತು ನೋಡುವ ಸಭೆ ಹಾಜರಿ ಎಷ್ಟೇ ಇದ್ದರೂ ದುರ್ಬಲ. ಅರ್ಥಶಾಸ್ತ್ರಜ್ಞ ಲಾರೆನ್ಸ್ ಇಯಾನಕೋನ್ 1994ರಲ್ಲಿ ಇದನ್ನೇ ವಾದಿಸಿದರು: ಸದಸ್ಯರಿಂದ ಹೆಚ್ಚು ಕೇಳುವ ಚರ್ಚುಗಳು ಗಟ್ಟಿಯಾಗಿರುತ್ತವೆ, ಏಕೆಂದರೆ ಏನೂ ಕೊಡದೆ ಎಲ್ಲವನ್ನೂ ಪಡೆಯುವವರಿಗೆ ಅಲ್ಲಿ ಜಾಗ ಕಡಿಮೆ. ಮಿತಿ ಮೀರಿ ಕೇಳಿದರೆ ಜನ ದಣಿದು ಹೋಗುತ್ತಾರೆ ಎಂಬುದನ್ನೂ ಅವರು ಬಿಟ್ಟಿರಲಿಲ್ಲ. ಹೊಸಬರಿಗೆ ಮೊದಲ ಕೆಲವು ತಿಂಗಳಲ್ಲೇ ಒಂದು ಸಣ್ಣ, ನಿಜವಾಗಿ ಬೇಕಾದ ಕೆಲಸ ಕೊಡಿ: ವಾಚನ ಓದುವುದು, ಕುರ್ಚಿ ಜೋಡಿಸುವುದು, ಆಸ್ಪತ್ರೆಯಲ್ಲಿರುವವರನ್ನು ನೋಡಿ ಬರುವುದು. ಗೆಳೆಯರು ಸಿಗುವುದೂ ಅಂಥ ಕೆಲಸದ ನಡುವೆಯೇ. ಸಮಿತಿಯಲ್ಲಿ ಹೆಸರು ಬರೆಸಿದರೆ ಸಾಲದು.

ರೂಢಿಗೆ, ಕರ್ತವ್ಯಕ್ಕೆ ಬರುವವರ ಬಗ್ಗೆ ನೀವು ತುಸು ಕಠಿಣವಾಗಿದ್ದೀರಿ ಎನಿಸುತ್ತದೆ. ಮನೋವಿಜ್ಞಾನಿಗಳಾದ ಆಲ್‌ಪೋರ್ಟ್ ಮತ್ತು ರಾಸ್ 1967ರಲ್ಲಿ, ಧರ್ಮವನ್ನು ಬದುಕುವವರು ಮತ್ತು ಧರ್ಮವನ್ನು ಬೇರೆ ಲಾಭಕ್ಕೆ ಬಳಸುವವರು ಎಂದು ಎರಡು ಬಗೆ ಮಾಡಿದರು. ಆ ವಿಂಗಡಣೆ ಉಪಯುಕ್ತ, ಆದರೆ ಒಬ್ಬ ವ್ಯಕ್ತಿ ಜೀವನಪೂರ್ತಿ ಒಂದೇ ಬದಿಯಲ್ಲಿ ಇರುವುದಿಲ್ಲ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಬೆಳಕಿಗೆ ಬಂದಾಗ, ದಶಕಗಳ ಕಾಲ ಅವರಿಗೆ ದೇವರ ಸಾಮೀಪ್ಯವೇ ಅನುಭವಕ್ಕೆ ಬಂದಿರಲಿಲ್ಲ ಎಂಬುದು ತಿಳಿಯಿತು. ಆ ವರ್ಷಗಳಲ್ಲೂ ಅವರು ಪೂಜೆ ಬಿಡಲಿಲ್ಲ, ಪ್ರಾರ್ಥನೆ ಬಿಡಲಿಲ್ಲ. ಭಾವನೆ ಬತ್ತಿದ ಕಾಲದಲ್ಲಿ ಮನುಷ್ಯನನ್ನು ದಾಟಿಸುವುದು ರೂಢಿಯೇ. ಒಲ್ಲದ ಮನಸ್ಸಿನಿಂದ ಬಂದು ಕೊನೆಯ ಬೆಂಚಿನಲ್ಲಿ ಕೂತವರನ್ನು ಕಡಿಮೆಯವರೆಂದು ಎಣಿಸಬೇಡಿ. ಅವರು ಬರುವುದನ್ನು ಬಿಟ್ಟಿಲ್ಲ, ಅದೇ ಒಂದು ಬದ್ಧತೆ.

ಕೊನೆಯದಾಗಿ ಮನೆಯ ಪ್ರಾರ್ಥನೆ, ಆನ್‌ಲೈನ್ ಆರಾಧನೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1247ನೇ ವಿಧಿಯಂತೆ ಭಾನುವಾರ ಮತ್ತು ಕಡ್ಡಾಯ ಹಬ್ಬಗಳಲ್ಲಿ ಬಲಿಪೂಜೆಯಲ್ಲಿ ಭಾಗವಹಿಸುವುದು ಕರ್ತವ್ಯ. ಹಿಂದಿನ ದಿನದ ಸಂಜೆಯ ಪೂಜೆಗೆ ಹೋದರೂ ನಡೆಯುತ್ತದೆ, ಯಾವ ಕಥೋಲಿಕ ಚರ್ಚಿನಲ್ಲಿ ಎಂಬುದೂ ಮುಖ್ಯವಲ್ಲ. ಆರೋಗ್ಯವಂತರು ಟಿವಿಯಲ್ಲಿ ನೋಡಿದರೆ ಅದು ಈಡೇರುವುದಿಲ್ಲ. ಕಾಯಿಲೆಯವರಿಗೆ, ಅವರ ಆರೈಕೆಯಲ್ಲಿ ಇರುವವರಿಗೆ ಆ ಕಟ್ಟುಪಾಡೇ ಇಲ್ಲ. 2020ರಲ್ಲಿ ಕೋವಿಡ್ ಬಂದಾಗ ಬಿಷಪರು ಹಲವೆಡೆ ಎಲ್ಲರಿಗೂ ವಿನಾಯಿತಿ ಕೊಟ್ಟಿದ್ದರು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೀಗೆ ಬರೆದಿಟ್ಟ ಕಟ್ಟಳೆ ಸಾಮಾನ್ಯವಾಗಿ ಇರುವುದಿಲ್ಲ. ಅವರು ತೋರಿಸುವುದು ಇಬ್ರಿಯರಿಗೆ ಬರೆದ ಪತ್ರದ 10:25ನ್ನು, ಒಟ್ಟಾಗಿ ಕೂಡಿಬರುವುದನ್ನು ಬಿಡಬೇಡಿ, ಒಬ್ಬರನ್ನೊಬ್ಬರು ಪ್ರೋತ್ಸಾಹಿಸಿ ಎಂಬ ಮಾತನ್ನು. ವಾಚನ, ಪ್ರಸಂಗ, ಹಾಡು ಪರದೆಯ ಮೇಲೆ ಸಿಗುತ್ತವೆ. ಪರಮಪ್ರಸಾದ ಸಿಗುವುದಿಲ್ಲ, ನೀವು ಬಾರದ ದಿನ ಗಮನಿಸುವ ಪಕ್ಕದವರೂ ಸಿಗುವುದಿಲ್ಲ. ಹಾಸಿಗೆ ಹಿಡಿದವರಿಗೆ ನೇರಪ್ರಸಾರ ದೊಡ್ಡ ಉಪಕಾರ, ಅದನ್ನು ನಿಲ್ಲಿಸಬೇಡಿ. ಆದರೆ ಯೂಟ್ಯೂಬ್ ತೋರಿಸುವ ವೀಕ್ಷಣೆಗಳ ಸಂಖ್ಯೆಯನ್ನು ಹಾಜರಿಗೆ ಕೂಡಿಸಬೇಡಿ, ಅರ್ಧ ನಿಮಿಷ ನೋಡಿ ಮುಂದೆ ಹೋದವರೂ ಅದರಲ್ಲಿ ಇರುತ್ತಾರೆ. ನೇರಪ್ರಸಾರವನ್ನೇ ನೆಚ್ಚಿಕೊಂಡವರು ಯಾರು ಯಾರು ಎಂದು ಪಟ್ಟಿ ಮಾಡಿ, ತಿಂಗಳಿಗೊಮ್ಮೆಯಾದರೂ ಸಭೆಯ ಯಾರಾದರೂ ಅವರ ಮನೆಗೆ ಹೋಗಿಬರುವ ಏರ್ಪಾಡು ಮಾಡಿ. ಕಥೋಲಿಕರಾದರೆ ಯಾಜಕರಿಗೆ ಹೇಳಿ ಪರಮಪ್ರಸಾದವನ್ನು ಮನೆಗೇ ತರಿಸಿಕೊಡಬಹುದು.